ಗಂಗತ್ತೆಯ ಸೋಬಾನೆ ಮತ್ತು ನನ್ನ ಮುಕ್ತ ತಂತ್ರಾಂಶ

ನನಗೆ ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿ ಗೋಕಾಕದಲ್ಲಿ ಹೇಗೆ ಹಬ್ಬಿತೋ ಗೊತ್ತಿಲ್ಲ. ಬಹುಶಃ ನಾನೇ ಹಬ್ಬಿಸಿರಬೇಕು. ನಾನೊಬ್ಬ ಪ್ರೌಢಶಾಲೆಯ ವಿಜ್ಞಾನ ಮಾಸ್ತರ. ಒಮ್ಮೆ ಶಾಲೆಯ ಪ್ರೊಜೆಕ್ಟರ್ ಕೈಕೊಟ್ಟಾಗ, ಕಳಚಿ ಬಿದ್ದಿದ್ದ ವೈರನ್ನು ಮತ್ತೆ ಅದರ ತೂತಿಗೆ ಚುಚ್ಚಿದ್ದೆ. ಪರದೆಯ ಮೇಲೆ ಬೆಳಕು ಬಂತು. ಅಂದಿನಿಂದ ಹೆಡ್ ಮಾಸ್ತರರು ನನ್ನನ್ನು "ನಮ್ಮ ಟೆಕ್ನಿಕಲ್ ಮಾಸ್ತರು" ಎಂದು ಎಲ್ಲರಿಗೂ ಪರಿಚಯಿಸತೊಡಗಿದರು. ನಾನು ತಡೆಯಲಿಲ್ಲ. ಯಾರಾದರೂ ಹೊಗಳುವಾಗ ನಡುವೆ ಬಾಯಿ ಹಾಕುವುದು ಒಳ್ಳೆಯ ಸಂಸ್ಕಾರವಲ್ಲ.

ಹೀಗೆ ನಾನು ಸುಖವಾಗಿದ್ದಾಗ ಹುಕ್ಕೇರಿಯಿಂದ ಫೋನು ಬಂತು.

ನನ್ನ ಸೋದರತ್ತೆ ಗಂಗವ್ವ ಇರುವುದು ಕುಲಗೋಡದಲ್ಲಿ. ನಮ್ಮ ಬಳಗದಲ್ಲಿ ಯಾರ ಲಗ್ನವಾದರೂ ಅರಿಷಿಣದ ಹೊತ್ತಿಗೆ ಸೋಬಾನೆ ಹೇಳುವವಳು ಅವಳೇ. ನನ್ನ ಲಗ್ನದಲ್ಲೂ ಹೇಳಿದ್ದಳು. ಅವಳ ಮೊಮ್ಮಗಳು ಪೂರ್ಣಿಮಾಳ ಲಗ್ನ ಹುಕ್ಕೇರಿಯಲ್ಲಿ ನಿಶ್ಚಯವಾಗಿ ಇನ್ನೊಂದು ತಿಂಗಳಿತ್ತು. ಅಷ್ಟರಲ್ಲಿ ಅತ್ತೆ ಎಮ್ಮೆಗೆ ಹಿಂಡಿ ಇಡಲು ಹೋಗಿ ಗೋದಲಿಯ ಹತ್ತಿರ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಡಾಕ್ಟರು ಎರಡು ತಿಂಗಳು ಹಾಸಿಗೆ ಬಿಟ್ಟು ಏಳಕೂಡದು ಎಂದರು.

ಫೋನಿನಲ್ಲಿ ಪೂರ್ಣಿಮಾ ಅಳುತ್ತಿದ್ದಳು.

"ಮಾಮಾ, ಆಯಿ ಹಾಡ ಹೇಳದ ನಾ ಅರಿಷಿಣಕ್ಕ ಕೂಡಂಗಿಲ್ಲ ನೋಡ್ರಿ."

"ಅಷ್ಟಕ್ಯಾಕ ಅಳತಿಯವಾ?" ಎಂದೆ. "ನಾ ಇಲ್ಲೇನ? ಅತ್ತಿ ಹಾಡ ರೆಕಾರ್ಡ ಮಾಡಿ ತರತೇನಿ. ಸ್ಟುಡಿಯೋದವರೂ ನಾಚಬೇಕು, ಹಂಗ ತರತೇನಿ!"

ಫೋನು ಇಟ್ಟ ಮೇಲೆ ನನ್ನ ಹೆಂಡತಿ ಮಹಾದೇವಿ ಮೆಂತ್ಯೆ ಸೊಪ್ಪು ಬಿಡಿಸುತ್ತಲೇ ಕೇಳಿದಳು.

"ಮೊಬೈಲನ್ಯಾಗ ಕೆಂಪ ಬಟನ್ ಒತ್ತಿದ್ರ ಆತಲ್ರಿ?"

ನಾನು ನಕ್ಕೆ. ಬಲ್ಲವರು ಅರಿಯದವರನ್ನು ಕಂಡು ಕನಿಕರದಿಂದ ನಗುತ್ತಾರಲ್ಲ, ಆ ನಗೆ. ಅದನ್ನು ಈಗ ನೆನೆದರೆ ನನ್ನ ಕಿವಿ ಬಿಸಿಯಾಗುತ್ತದೆ.

ಧ್ವನಿಮುದ್ರಣವೆಂದ ಮೇಲೆ ಮೈಕು ಬೇಕು. ಅದನ್ನು ಶಾಲೆಯಿಂದ ಕೇಳಿ ತಂದೆ. ಇನ್ನು ಹಾಡನ್ನು ಮುದ್ರಿಸಿಕೊಂಡು, ಬೇಡವಾದದ್ದನ್ನು ಕತ್ತರಿಸಿ, ಒಪ್ಪಮಾಡಲು ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಬೇಕು. ಬಾಜೂ ಮನೆಯ ಈರಣ್ಣ ಲಗ್ನಗಳ ವಿಡಿಯೋ ತೆಗೆಯುವವನು. ವಿಷಯ ತಿಳಿದು ಕಾಂಪೌಂಡಿನ ಆಚೆಯಿಂದಲೇ ಪೆನ್‌ಡ್ರೈವ್ ಚಾಚಿದ.

"ಸರ, ಇದರಾಗ ದೊಡ್ಡ ಸಾಫ್ಟ್‌ವೇರ್ ಐತ್ರಿ. ಕಂಪನಿಯವರಿಗೆ ಗೊತ್ತಾಗದಂಗ ಕೀಲಿ ಮುರದದ್ದು. ಹಾಕ್ಕೋರಿ."

"ಕಳವಿನ ಮಾಲು! ಈರಣ್ಣ, ಮಕ್ಕಳಿಗೆ ಪಾಠ ಹೇಳಾಂವ ನಾನು," ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಆ ಕಾಂಪೌಂಡಿನ ಗೋಡೆಯನ್ನೇ ವೇದಿಕೆ ಮಾಡಿಕೊಂಡು ಮುಕ್ತ ತಂತ್ರಾಂಶದ ಬಗ್ಗೆ ಅರ್ಧ ತಾಸು ಭಾಷಣ ಮಾಡಿದೆ. ಜಗತ್ತಿನಲ್ಲಿ ಪುಣ್ಯಾತ್ಮರಿದ್ದಾರೆ, ಅವರು ತಂತ್ರಾಂಶ ಬರೆದು ಎಲ್ಲರಿಗೂ ಹಂಚುತ್ತಾರೆ, ಅದನ್ನು ಹೇಗೆ ಬರೆದೆವು ಎಂಬುದನ್ನೂ ಬಿಚ್ಚಿ ತೋರಿಸುತ್ತಾರೆ, ಬೇಕಾದವರು ತಿದ್ದಿ ಮತ್ತೆ ಹಂಚಬಹುದು.

"ದಾಸೋಹ ಇದ್ದಂಗ, ಈರಣ್ಣ! ಕರದಂಟೂ ಕೊಡತಾರು, ಕರದಂಟು ಮಾಡೂ ರೀತೀನೂ ಬರದು ಕೊಡತಾರು!"

ಒಳಗಿನಿಂದ ಮಹಾದೇವಿಯ ದನಿ ಬಂತು. "ಬರದು ಕೊಟ್ರ ನಿಮಗ ಕರದಂಟು ಮಾಡಾಕ ಬರತೈತೇನ್ರಿ?"

ಈರಣ್ಣ ಪೆನ್‌ಡ್ರೈವ್ ಕಿಸೆಗಿಟ್ಟುಕೊಂಡು ಒಳಗೆ ಹೋದ. ಅವನ ಭುಜ ಅಲುಗುತ್ತಿತ್ತು.

ಆಯ್ಕೆಯ ಮಹಾಕಾರ್ಯ ಆರಂಭವಾಯಿತು. ನಾನು ಅಂತರ್ಜಾಲದಲ್ಲಿ "ಉಚಿತ" ಎಂದು ಹುಡುಕಿ, ಮೊದಲು ಕಂಡ ದೊಡ್ಡ ಹಸಿರು ಗುಂಡಿಯನ್ನು ಒತ್ತಿದೆ. ಅದು ತಂತ್ರಾಂಶದ ಗುಂಡಿಯಲ್ಲವಂತೆ, ಪಕ್ಕದಲ್ಲಿದ್ದ ಜಾಹೀರಾತಿನ ಗುಂಡಿಯಂತೆ! ಇದು ನನಗೆ ತಿಳಿಯುವಷ್ಟರಲ್ಲಿ ಲ್ಯಾಪ್‌ಟಾಪು ಎರಡೆರಡು ನಿಮಿಷಕ್ಕೆ ಗಂಟೆ ಬಾರಿಸಿ, ನನಗೆ ಲಾಟರಿ ಹತ್ತಿದೆ ಎಂದು ಒಮ್ಮೆ, ನನ್ನ ಯಂತ್ರಕ್ಕೆ ರೋಗ ಬಂದಿದೆ ಎಂದು ಒಮ್ಮೆ ಸಾರತೊಡಗಿತು. ಅದನ್ನು ಗುಣಪಡಿಸಲು ನಾಲ್ಕು ದಿನ ಹೋದವು. ತಂತ್ರಾಂಶವನ್ನು ಅದನ್ನು ಬರೆದವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು ಎಂಬ ಜ್ಞಾನೋದಯವಾಯಿತು. ಈ ಮಾತನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುತ್ತೇನೆ ಎಂಬುದು ಬೇರೆ ವಿಷಯ.

ಸರಿಯಾದ ತಾಣದಿಂದ ಮೊದಲು ಇಳಿಸಿದ್ದು ದೊಡ್ಡ ದೊಡ್ಡ ಸ್ಟುಡಿಯೋದವರು ಬಳಸುವಂಥದ್ದು. ತೆರೆದರೆ ವಿಮಾನದ ಮುಂಭಾಗದಂತೆ ಗುಂಡಿಗಳು. ಒಂದನ್ನು ಒತ್ತಿದೆ. "ಜ್ಯಾಕ್ ಚಾಲೂ ಆಗಿಲ್ಲ" ಎಂಬರ್ಥದ ಸಂದೇಶ ಬಂತು. ನಾನದನ್ನು ಗಟ್ಟಿಯಾಗಿ ಓದಿದೆ.

"ಜ್ಯಾಕ್ ಬೇಕಂದ್ರ ಈರಣ್ಣನ ಗಾಡ್ಯಾಗ ಐತಿ," ಎಂದಳು ಮಹಾದೇವಿ. "ಇಸಕೊಂಡ ಬರ್ಲ್ಯಾ?"

ಅದು ಗಾಲಿ ಎತ್ತುವ ಜ್ಯಾಕ್ ಅಲ್ಲ, ಕಂಪ್ಯೂಟರಿನೊಳಗೆ ಶಬ್ದವನ್ನು ಅಲ್ಲಿಂದಿಲ್ಲಿಗೆ ಸಾಗಿಸುವ ಇನ್ನೊಂದು ತಂತ್ರಾಂಶ ಎಂದು ನಾನು ವಿವರಿಸಿದೆ. ವಿವರಿಸಿದ್ದು ಸುಲಭ. ಚಾಲೂ ಮಾಡುವುದು ಆಗಲಿಲ್ಲ.

ಎರಡನೆಯದು ಸಂಗೀತ ಹೊಸೆಯುವ ತಂತ್ರಾಂಶ. ಅದರಲ್ಲಿ ಯಾವ ಕೀಲಿ ಒತ್ತಿದರೂ ಡೊಳ್ಳು ಬಡಿಯುತ್ತಿತ್ತು. ಎಲ್ಲಿ ಒತ್ತಿದೆನೋ, ಬಡಿತ ನಿಲ್ಲಲೇ ಇಲ್ಲ. ಎದುರು ಮನೆಯ ಅಜ್ಜಿ ಬಂದು, ಮನೆಯಲ್ಲಿ ಏನು ಕಾರ್ಯಕ್ರಮ ಎಂದು ವಿಚಾರಿಸಿಕೊಂಡು ಹೋದಳು.

ಮೂರನೆಯದು ಸರಳವಾಗಿತ್ತು. ಕೆಂಪು ಗುಂಡಿ ಒತ್ತಿದರೆ ಮುದ್ರಣ, ಚೌಕದ್ದು ಒತ್ತಿದರೆ ನಿಲುಗಡೆ, ದನಿ ನೀಲಿ ಅಲೆಗಳಾಗಿ ಪರದೆಯ ಮೇಲೆ ಹರಿಯುತ್ತದೆ, ಬೇಡವಾದ ಅಲೆಯನ್ನು ಮೌಸಿನಿಂದ ಗುರುತಿಸಿ ಕತ್ತರಿಸಬಹುದು. ಇದೇ ನನ್ನ ಆಯ್ಕೆ ಎಂದು ಘೋಷಿಸಿದೆ. ಶಾಸ್ತ್ರೋಕ್ತವಾಗಿ ಅದರ ಪರವಾನಗಿಯನ್ನೂ ಮೊದಲಿನಿಂದ ಕೊನೆಯವರೆಗೆ ಓದಿ ಮಹಾದೇವಿಗೆ ಅರ್ಥ ಹೇಳಿದೆ. ಅದರಲ್ಲೊಂದು ಕಡೆ, ಈ ತಂತ್ರಾಂಶ ಇದ್ದ ಹಾಗೆ ಕೊಡಲಾಗಿದೆ, ಯಾವ ಕೆಲಸಕ್ಕೂ ಬರುತ್ತದೆಂಬ ಖಾತರಿ ಇಲ್ಲ ಎಂದಿತ್ತು.

ಮಹಾದೇವಿ ಮೊದಲ ಸಲ ಆಸಕ್ತಿ ತೋರಿಸಿದಳು. "ಅವರು ಪ್ರಾಮಾಣಿಕ ಮಂದಿ ಬಿಡ್ರಿ. ಲಗ್ನದಾಗ ನಿಮ್ಮ ಅಪ್ಪಾರೂ ನಮ್ಮ ಅಪ್ಪಗ ಹಿಂಗ ಬರದು ಕೊಟ್ಟಿದ್ರ ಎಷ್ಟ ಚಲೋ ಇತ್ತು."

ಲಗ್ನಕ್ಕೆ ಹನ್ನೆರಡು ದಿನವಿದ್ದಾಗ, ಒಂದು ಭಾನುವಾರ, ನಾವಿಬ್ಬರೂ ಬಸ್ಸು ಹತ್ತಿ ಕುಲಗೋಡಕ್ಕೆ ಹೋದೆವು. ಅತ್ತೆ ಪಡಸಾಲೆಯ ಮಂಚದ ಮೇಲೆ ಮಲಗಿದ್ದಳು. ಕಾಲಿಗೆ ತೂಕ ಕಟ್ಟಿದ್ದರು. ಮುಖ ಮಾತ್ರ ಎಂದಿನಂತೆ, ಯಾರನ್ನು ಬೈಯಲಿ ಎಂದು ಹುಡುಕುತ್ತಿತ್ತು. ನನ್ನನ್ನು ನೋಡಿ ಅರಳಿತು.

ನಾನು ಬಂದವನೇ ಮೌನ ಸ್ಥಾಪನೆಗೆ ತೊಡಗಿದೆ. ಫ್ಯಾನು ಬಂದ್. ಅತ್ತೆಯ ಸೊಸೆ ಬೇಳೆಗೆ ಇಟ್ಟಿದ್ದ ಕುಕ್ಕರು ಬಂದ್. ಗೋಡೆಗಳಿಂದ ದನಿ ಮರಳಿ ಬರಬಾರದೆಂದು, ಮನೆಯಲ್ಲಿದ್ದ ಹೊದೆಯುವ ಕೌದಿಗಳನ್ನೆಲ್ಲ ತಂದು ಮಂಚದ ಸುತ್ತ ಹಗ್ಗ ಕಟ್ಟಿ ಇಳಿಬಿಟ್ಟೆ. ಅತ್ತೆ ಒಳಗಾದಳು. ನಾನು, ಮೈಕು, ಲ್ಯಾಪ್‌ಟಾಪು ಕೂಡ ಒಳಗಾದೆವು.

"ಬಸು," ಎಂದಳು ಅತ್ತೆ ಬೆವರುತ್ತ, "ಇದು ರೆಕಾರ್ಡಿಂಗೋ, ನನ್ನ ಮಣ್ಣ ಕಾರ್ಯೇನೋ?"

"ಸ್ಟುಡಿಯೋದಾಗ ಹಿಂಗ ಇರತೈತಿ, ಅತ್ತಿ. ಹಾಡ ಹೇಳು."

ಅತ್ತೆ ಕಣ್ಣು ಮುಚ್ಚಿದಳು. ಹಾಡಿದಳು. ಎಪ್ಪತ್ತೆಂಟರ ಗಂಟಲು ಮೊದಲು ಸ್ವಲ್ಪ ಒರಟಾಗಿ, ಆಮೇಲೆ ಎಣ್ಣೆ ಬಿಟ್ಟ ಬಂಡಿಯಂತೆ ಸುಗಮವಾಗಿ ಸಾಗಿತು. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಅವಳ ದನಿಗೆ ತಕ್ಕಂತೆ ಕುಣಿಯುತ್ತಿತ್ತು. ನಾನು ಮೈಮರೆತು ಅದನ್ನೇ ನೋಡುತ್ತಿದ್ದೆ. ಹಾಡು ಮುಗಿಯಿತು. ನೀಲಿ ಅಲೆ ಎಲ್ಲಿ? ಇರಲಿಲ್ಲ! ಕೆಂಪು ಗುಂಡಿಯನ್ನು ನಾನು ಒತ್ತಿರಲೇ ಇಲ್ಲ. ತಂತ್ರಾಂಶ ಬರೀ ಕೇಳುತ್ತಿತ್ತು, ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ನನ್ನ ತರಗತಿಯ ಹಿಂದಿನ ಬೆಂಚಿನವರ ಹಾಗೆ.

"ಅತ್ತಿ, ಇನ್ನೊಂದ ಸಲ..."

ಎರಡನೇ ಸಲ ಕೆಂಪು ಗುಂಡಿ ಒತ್ತಿದೆ. ಅಲೆಗಳು ಬಂದವು. ಕೇಳಿದರೆ ಅತ್ತೆಯ ದನಿ ಎಲ್ಲೋ ಘಟಪ್ರಭಾ ಹೊಳೆಯಾಚೆಯಿಂದ ಬಂದಂತಿತ್ತು, ನನ್ನ ಲ್ಯಾಪ್‌ಟಾಪಿನ ಏದುಸಿರು ಮಾತ್ರ ಕಿವಿಯಲ್ಲೇ ಕೇಳುತ್ತಿತ್ತು. ಶಾಲೆಯ ಮೈಕನ್ನು ಜೋಡಿಸಿದ್ದೆನಾದರೂ, ಅದರಿಂದಲೇ ದನಿ ತೆಗೆದುಕೋ ಎಂದು ತಂತ್ರಾಂಶಕ್ಕೆ ಹೇಳಿರಲಿಲ್ಲ. ಅದು ತನ್ನೊಳಗಿನ ಪುಟ್ಟ ಮೈಕಿನಿಂದ ತನ್ನ ಉಸಿರನ್ನೇ ಮುದ್ರಿಸಿಕೊಂಡಿತ್ತು.

ಮಹಾದೇವಿ ಕೌದಿ ಸರಿಸಿ ತಲೆ ಒಳಗೆ ಹಾಕಿದಳು. "ಅವರ ಸೊಂಟಾ ಅಷ್ಟ ಮುರದೈತಿ. ಗಂಟಲಾನೂ ಮುರೀಬ್ಯಾಡ್ರಿ. ಮೊದಲ ಅವರು ಒಂದ ತುತ್ತ ಉಣ್ಲಿ."

ಊಟವಾಯಿತು. ರೊಟ್ಟಿ, ಬದನೆಕಾಯಿ ಎಣಗಾಯಿ, ಮೇಲೊಂದು ಲೋಟ ಮಜ್ಜಿಗೆ. ಮೂರನೇ ಸಲ ಎಲ್ಲವೂ ಸರಿಹೋಯಿತು. ಮುದ್ರಣವನ್ನು ಮೊದಲೇ ಚಾಲೂ ಮಾಡಿ ಹಾಗೆಯೇ ಬಿಟ್ಟಿದ್ದರಿಂದ ನಡುನಡುವಿನ ಹರಟೆ, ಎಮ್ಮೆಯ ಕೂಗು, ಕಬ್ಬಿನ ಟ್ರ್ಯಾಕ್ಟರು ಎಲ್ಲವೂ ಬಂದಿದ್ದವು. ಇರಲಿ, ಕತ್ತರಿಸಿದರಾಯಿತು! ಹಾಡು ಮುಗಿಸಿದ ಅತ್ತೆಗೆ ಕೆಮ್ಮು ಹತ್ತಿತು. "ಇನ್ನ ಸಾಕಪಾ," ಎಂದಳು. ಅವಳ ದನಿ ಪಿಸುಮಾತಾಗಿತ್ತು. ನನ್ನ ಬಳಿ ಇದ್ದದ್ದು ಇದೊಂದೇ.

ಮರುದಿನದಿಂದ ಪ್ರತಿದಿನ ಶಾಲೆ ಬಿಟ್ಟು ಬಂದವನೇ ಸಂಕಲನಕ್ಕೆ ಕುಳಿತೆ. ತಂತ್ರಾಂಶದಲ್ಲಿ ಗದ್ದಲ ತೆಗೆಯುವ ವಿದ್ಯೆಯೊಂದಿದೆ. ಮೊದಲು, ಗದ್ದಲ ಎಂದರೆ ಯಾವುದು ಎಂದು ಅದಕ್ಕೊಂದು ಮಾದರಿ ತೋರಿಸಬೇಕು. ಅದನ್ನು ಅರ್ಥಮಾಡಿಕೊಂಡು ಎಲ್ಲ ಕಡೆಯಿಂದ ಅಂಥದ್ದನ್ನೇ ಹುಡುಕಿ ಅಳಿಸುತ್ತದೆ. ನಾನು ಮಾದರಿ ತೋರಿಸಿದೆ. ಯಂತ್ರ ಯೋಚಿಸಿತು, ಅಳಿಸಿತು. ಕೇಳಿದೆ.

ಎಮ್ಮೆ ಸ್ಪಷ್ಟವಾಗಿ ಉಳಿದಿತ್ತು. ಅತ್ತೆ ಇರಲಿಲ್ಲ!

ನಾನು ಮಾದರಿಯಾಗಿ ತೋರಿಸಿದ್ದು ಅತ್ತೆಯ ದನಿಯನ್ನೇ. ಮುಕ್ತ ತಂತ್ರಾಂಶ ವಿಧೇಯವಾದದ್ದು. ಹಿಂದಕ್ಕೆ ಮರಳುವ ಗುಂಡಿ ಒತ್ತಿದೆ, ಅತ್ತೆ ಮರಳಿ ಬಂದಳು. ಮರುದಿನ, ದನಿಗೆ ಗಾಂಭೀರ್ಯ ಬರಲೆಂದು ಪ್ರತಿಧ್ವನಿ ಬೆರೆಸಿದೆ. ಅಡುಗೆಮನೆಯಿಂದ ಮಹಾದೇವಿ ಸೌಟು ಹಿಡಿದೇ ಓಡಿ ಬಂದಳು.

"ಅಯ್ಯ ಶಿವನ, ಅತ್ತಿ ಬಾವ್ಯಾಗ ಬಿದ್ದಾರೇನ್ರಿ?"

ಅದನ್ನೂ ತೆಗೆದೆ. ಕೊನೆಗೆ ಶಿಸ್ತಿನಿಂದ ಕೆಲಸ ಮಾಡಿದೆ. ಎರಡು ಸಾಲು ಮಾಡಿಕೊಂಡೆ. ಒಂದಕ್ಕೆ "ಹಾಡು" ಎಂದು ಹೆಸರಿಟ್ಟು ಹಾಡಿನ ಭಾಗಗಳನ್ನೆಲ್ಲ ಅಲ್ಲಿ ಜೋಡಿಸಿದೆ. ಇನ್ನೊಂದಕ್ಕೆ "ಕಸ" ಎಂದು ಹೆಸರಿಟ್ಟು, ಹರಟೆ, ಕೆಮ್ಮು, ಎಮ್ಮೆ, ಟ್ರ್ಯಾಕ್ಟರುಗಳನ್ನು ಅಲ್ಲಿಗೆ ಸರಿಸಿದೆ. ಅಳಿಸಿಬಿಡಬಹುದಿತ್ತು. ಆದರೆ ಅತ್ತೆಯನ್ನು ಒಮ್ಮೆ ಅಳಿಸಿದ ಮೇಲೆ ಏನನ್ನು ಅಳಿಸಲೂ ಧೈರ್ಯವಿರಲಿಲ್ಲ. ಒಂಬತ್ತನೇ ದಿನ ಎರಡನ್ನೂ ಬೇರೆ ಬೇರೆ ಕಡತಗಳಾಗಿ ಹೊರತೆಗೆದೆ. ತಂತ್ರಾಂಶ ಅವಕ್ಕೆ ಒಂದು, ಎರಡು ಎಂದು ಅಂಕಿ ಕೊಟ್ಟಿತು. ಹಾಡು ಒಂದೋ, ಎರಡೋ? ಎರಡು ಎಂದು ನನಗೆ ಖಚಿತವಿತ್ತು. ನನಗೆ ಯಾವಾಗಲೂ ಖಚಿತವಿರುತ್ತದೆ. ಎರಡನೆಯದನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡೆ.

"ಒಮ್ಮಿ ಕೇಳಿ ನೋಡ್ರಲ್ಲ," ಎಂದಳು ಮಹಾದೇವಿ.

"ಒಂಬತ್ತ ದಿವಸಾ ಅದನ್ನ ಕೇಳೇನಿ. ಕಿವಿ ಸವದಾವು."

ಹುಕ್ಕೇರಿಯ ಮಂಗಲ ಕಾರ್ಯಾಲಯದಲ್ಲಿ ಮುಂಜಾನೆ ಅರಿಷಿಣ. ಹಳದಿ ಸೀರೆ ಉಟ್ಟ ಪೂರ್ಣಿಮಾ ಮಣೆಯ ಮೇಲೆ ಕುಳಿತಿದ್ದಳು. ಸುತ್ತ ಹೆಂಗಸರು. ವರನೂ ಅವನ ಕಡೆಯವರೂ ಆಗಲೇ ಬಂದಿದ್ದರು. ವರನ ತಾಯಿ, ಎತ್ತರದ ಗಂಭೀರ ಹೆಂಗಸು, ಮುಂದಿನ ಕುರ್ಚಿಯಲ್ಲಿ ಕುಳಿತಿದ್ದರು. ನಾನು ಮೈಕು ಹಿಡಿದು ನಾಲ್ಕು ಮಾತಾಡಿದೆ. "ಅತ್ಯಾಧುನಿಕ ಮುಕ್ತ ತಂತ್ರಜ್ಞಾನದ ನೆರವಿನಿಂದ..." ಎಂದು ಆರಂಭಿಸಿದ್ದು ನೆನಪಿದೆ. ಚಪ್ಪಾಳೆಯೂ ಬಿತ್ತು. ಧ್ವನಿವರ್ಧಕದ ಹುಸೇನಸಾಹೇಬರಿಗೆ ಪೆನ್‌ಡ್ರೈವ್ ಕೊಟ್ಟೆ.

ಅತ್ತೆಯ ದನಿ ಸಭಾಂಗಣದ ತುಂಬ ಮೊಳಗಿತು.

"ಬಸು, ಅದು ಚಾಲೂ ಆತೇನೋ?"

ನನ್ನ ದನಿ: "ಆತ ಅತ್ತಿ."

"ಖರೆ ಆತೇನೋ? ಹ್ವಾದ ಸಲಾನೂ ಹಿಂಗ ಅಂದಿದ್ದಿ."

ಆಮೇಲೆ ಎಮ್ಮೆ. ದೀರ್ಘವಾಗಿ.

ಜನ ನಗತೊಡಗಿದರು. ನಾನು ಹುಸೇನಸಾಹೇಬರ ಕಡೆ ಓಡಿದೆ. "ಬಂದ್ ಮಾಡ್ರಿ, ಬಂದ್ ಮಾಡ್ರಿ!" ನಡುವೆ ಹೆಂಗಸರು ತುಂಬಿ ಕುಳಿತಿದ್ದರು. ದಾರಿ ಇರಲಿಲ್ಲ. ಅತ್ತೆ ಮಹಾದೇವಿಯೊಂದಿಗೆ ಮಾತಾಡುತ್ತಿದ್ದಳು.

"ಇಂವ ಸಣ್ಣಾಂವ ಇದ್ದಾಗ ನಮ್ಮ ಮನಿ ರೇಡಿಯೋ ಬಿಚ್ಚಿದ್ದ ನೋಡ. ಯಾಕೋ ಅಂದ್ರ, ಒಳಗ ಹಾಡ ಹೇಳಾವರನ್ನ ಹುಡಕಾಕತ್ತೇನಿ ಅಂದ. ಇನ್ನೂ ಹುಡಕಾಕತ್ತಾನ ಪಾಪ!"

ಹುಸೇನಸಾಹೇಬರು ನಗುವಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರಿಗೆ ನಾನು ಕಾಣಿಸಲಿಲ್ಲ. ಅಷ್ಟರಲ್ಲಿ ನನಗೆ ಮುಂದೇನು ಬರುವುದೆಂದು ನೆನಪಾಯಿತು.

"ಹುಡುಗನ ಫೋಟೋ ತೋರಿಸಿದ್ರವಾ ನನಗ," ಎಂದಳು ಅತ್ತೆ, ವರನ ತಾಯಿಯ ತಲೆಯ ಮೇಲಿದ್ದ ದೊಡ್ಡ ಸ್ಪೀಕರಿನಿಂದ. "ಮೂಗ ಒಂದು ಬದನಿಕಾಯಿ ಆಗೇತಿ. ಬ್ಯಾರೆ ಎಲ್ಲಾ ಚಲೋ."

ವರ ತನ್ನ ಮೂಗು ಮುಟ್ಟಿಕೊಂಡ. ಎಲ್ಲರೂ ಅವನ ತಾಯಿಯ ಮುಖ ನೋಡಿದರು. ಈ ಲಗ್ನ ನಿಂತರೆ ಅದಕ್ಕೆ ಕಾರಣನಾದ ಮಾಸ್ತರ ಎಂದು ನಾನು ಮುಂದೆ ಹೇಗೆ ಬದುಕಬೇಕು ಎಂದು ಯೋಚಿಸುತ್ತಿದ್ದಾಗ, ಅತ್ತೆ ಮುಂದುವರಿಸಿದಳು.

"ಆದ್ರ ಕಣ್ಣಾಗ ಮೋಸ ಇಲ್ಲ. ಮೂಗ ನೋಡಿ ಸಂಸಾರ ಮಾಡಾಕ ಆಗತೈತೇನ? ನಮ್ಮ ಹುಡುಗಿ ಪುಣ್ಯೇ ಮಾಡ್ಯಾಳ." ಹಿಂದೆ ಟ್ರ್ಯಾಕ್ಟರಿನ ಸದ್ದು ಬರುತ್ತಿರುವಾಗ, ದನಿ ತಗ್ಗಿಸಿ ಹೇಳಿದಳು. "ಪೂರ್ಣಿ, ನನಗ ಬರಾಕ ಆಗಲಿಲ್ಲವಾ. ಈ ಹಾಡ ಪಾಡ ಎಲ್ಲಾ ಮರತರ ಮರಿ. ಇಷ್ಟ ಮರೀಬ್ಯಾಡ. ಎಲ್ಲಾರಿಗೂ ನೀಡಿ ಕಡೀಕ ಆರಿದ್ದ ಉಣ್ಣೂದು ನಾ ಜೀವಮಾನ ಮಾಡಿನಿ. ನೀ ಮಾಡಬ್ಯಾಡ. ಬಿಸಿ ಇದ್ದಾಗನ ಕೂಡ, ಉಣ್ಣ."

ಟ್ರ್ಯಾಕ್ಟರು ಹೋಯಿತು. ಕಡತ ಮುಗಿಯಿತು.

ಪೂರ್ಣಿಮಾ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ವರನ ತಾಯಿ ಎದ್ದರು. ನೇರ ಮಣೆಯ ಬಳಿ ಹೋಗಿ ಪೂರ್ಣಿಮಾಳ ಪಕ್ಕ ಕೆಳಗೆ ಕುಳಿತರು. ಸೆರಗಿನಿಂದ ಮೊದಲು ತಮ್ಮ ಕಣ್ಣು, ಆಮೇಲೆ ಅವಳ ಕಣ್ಣು ಒರೆಸಿದರು.

"ಮೂಗಿಂದು ಖರೆ ಐತವಾ," ಎಂದರು. "ಅವರಪ್ಪಂದೂ ಹಂಗ ಇತ್ತು. ಊಟಾ ನಾವಿಬ್ಬರೂ ಕೂಡೇ ಮಾಡೂಣು."

ಆಗ ಎದ್ದ ನಗೆಗೆ ಕಾರ್ಯಾಲಯದ ತಗಡು ಹಾರುವಂತಿತ್ತು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಆದರೆ ಹಾಡು? ಹಾಡು ಗೋಕಾಕದಲ್ಲಿ, ನನ್ನ ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ಬೆಚ್ಚಗೆ ಇತ್ತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಅರಿಷಿಣದ ಬಟ್ಟಲನ್ನು ನೋಡಿದೆ. ಆಗ ಹಿಂದಿನಿಂದ ಒಂದು ದನಿ ಎದ್ದಿತು. ಅತ್ತೆಯದೇ ಸೋಬಾನೆ, ಅದೇ ಎಳೆತ. ತಿರುಗಿದರೆ ಮಹಾದೇವಿ! ಇಪ್ಪತ್ತೆರಡು ವರ್ಷಗಳಿಂದ ನನ್ನ ಮನೆಯಲ್ಲಿರುವ ಇವಳಿಗೆ ಹಾಡು ಬರುತ್ತದೆಂದು ನನಗೆ ತಿಳಿದಿರಲಿಲ್ಲ. ಪೂರ್ಣಿಮಾಳ ತಾಯಿ ದನಿ ಕೂಡಿಸಿದಳು. ಮೂರನೇ ಸಾಲಿಗೆ ಇಡೀ ಹೆಣ್ಣುಬಳಗ ಹಾಡುತ್ತಿತ್ತು. ಅಷ್ಟು ಲಗ್ನಗಳಲ್ಲಿ ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಅತ್ತೆಯೇ ಹಾಡುತ್ತಿದ್ದುದರಿಂದ ಉಳಿದವರು ಹಾಡುವ ಪ್ರಸಂಗ ಬಂದಿರಲಿಲ್ಲ, ಅಷ್ಟೇ.

ಬಸ್ಸಿನಲ್ಲಿ ಬರುವಾಗ ಕೇಳಿದೆ. "ನಿನಗ ಹಾಡ ಬರತೈತಿ ಅಂತ ಯಾಕ ಹೇಳಲಿಲ್ಲ?"

"ನೀವು ಸಾಫ್ಟ್‌ವೇರ್ ಹುಡಕಾಕತ್ತಿದ್ರಿ," ಎಂದಳು. "ನಡುವ ಬಾಯಿ ಯಾಕ ಹಾಕಬೇಕಂತ ಸುಮ್ನಿದ್ದೆ."

ಮುಂದಿನ ಭಾನುವಾರ ಕುಲಗೋಡಕ್ಕೆ ಹೋಗಿ ಅತ್ತೆಗೆ ತಪ್ಪೊಪ್ಪಿಕೊಂಡೆ. ಅವಳು ನಕ್ಕು ನಕ್ಕು ಸೊಂಟ ಹಿಡಿದುಕೊಂಡಳು. ಮುರಿದ ಸೊಂಟವನ್ನೇ. ನನ್ನ "ಕಸ" ಇಂದು ಗೋಕಾಕ, ಮೂಡಲಗಿ, ಹುಕ್ಕೇರಿಯ ನಮ್ಮ ಬಳಗದ ಎಲ್ಲ ಮೊಬೈಲುಗಳಲ್ಲಿದೆ. ವರನೇ ಖುದ್ದಾಗಿ ಕೇಳಿ ಪಡೆದ. ಕೌಜಲಗಿಯ ಬಸ್‌ಸ್ಟ್ಯಾಂಡಿನಲ್ಲಿ ಅಪರಿಚಿತರೊಬ್ಬರು ನನ್ನನ್ನು ನಿಲ್ಲಿಸಿ, "ರೇಡಿಯೋ ಬಿಚ್ಚಿದ ಮಾಸ್ತರು ನೀವ ಏನ್ರಿ?" ಎಂದು ಕೇಳಿದರು.

ಒಂಬತ್ತು ದಿನ ತೊಳೆದು ಬಳಿದ "ಹಾಡು" ಮಾತ್ರ ಯಾರಿಗೂ ಬೇಡವಾಗಿತ್ತು. ನನ್ನ ಶ್ರಮಕ್ಕೆ ಒಬ್ಬರಾದರೂ ಸಾಕ್ಷಿಯಿರಲಿ ಎಂದು ಮೊನ್ನೆ ಮಹಾದೇವಿಯನ್ನು ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ ಕೇಳಿಸಿದೆ. ಎಮ್ಮೆಯಿಲ್ಲ, ಟ್ರ್ಯಾಕ್ಟರಿಲ್ಲ, ಫ್ಯಾನಿಲ್ಲ, ನಿರ್ಮಲ ಧ್ವನಿ! ಅವಳು ಕೊನೆಯವರೆಗೂ ಕೇಳಿದಳು.

"ಭಾಳ ಚಲೋ ಐತ್ರಿ," ಎಂದಳು. "ಆದ್ರ ಹಿಂದ ಇದ್ಯಾರು ಗೊರಕಿ ಹೊಡಿಯಾಕತ್ತಾರು?"

ಹೆಡ್‌ಫೋನು ಕಸಿದುಕೊಂಡು ಕೇಳಿದೆ. ಹೌದು. ಅತ್ತೆಯ ಒಂದೊಂದು ಸಾಲಿನ ಕೊನೆಗೂ, ತಪ್ಪದೆ. ಎಣಗಾಯಿ ಉಂಡು, ಮಜ್ಜಿಗೆ ಕುಡಿದು, ಕೌದಿಯ ಬೆಚ್ಚನೆಯ ಕತ್ತಲಲ್ಲಿ ಕುಳಿತಾಗ ನಾನು ಕಣ್ಣು ಮುಚ್ಚಿದ್ದು ನೆನಪಿದೆ. ತನ್ಮಯತೆಯಿಂದ ಎಂದು ತಿಳಿದಿದ್ದೆ. ಆ ಸದ್ದನ್ನು ಒಂಬತ್ತೂ ದಿನ ಕೇಳಿದ್ದೆ ಕೂಡ. ಹಾಡಿನ ಶ್ರುತಿ ಇರಬೇಕೆಂದು, ಬಹಳ ಜೋಪಾನವಾಗಿ, ಸ್ವಲ್ಪ ಹೆಚ್ಚಿಸಿ ಉಳಿಸಿಕೊಂಡಿದ್ದೆ!